ಕಾರು ನಮ್ಮದು, ರಿಪೇರಿ ಯಾರದು?

ಏಳೆಂಟು ವರ್ಷ ಓಡಿದ ಡೀಸೆಲ್ ಕಾರು ಕಪ್ಪು ಹೊಗೆ ಉಗುಳುತ್ತಾ, ಜಗ್ಗುತ್ತಾ ಊರಿನ ಗ್ಯಾರೇಜಿಗೆ ಬರುತ್ತದೆ. ಮೇಸ್ತ್ರಿ ಶಬ್ದ ಕೇಳಿಯೇ ಇಂಜೆಕ್ಟರ್ ಮೇಲೆ ಅನುಮಾನ ಪಡುತ್ತಾರೆ. ಬಿಚ್ಚಿ ನೋಡಿದರೆ ಅನುಮಾನ ನಿಜ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು ಅವರಿಗೆ ಕೈಗೆ ಬಂದ ಕೆಲಸ. ಆದರೆ ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರತಿ ಇಂಜೆಕ್ಟರ್ ಮೇಲೂ ಒಂದು ಕೋಡ್ ಕೆತ್ತಿರುತ್ತದೆ. ಅದು ಎಷ್ಟು ಇಂಧನ ಸಿಂಪಡಿಸುತ್ತದೆ ಎಂಬುದರ ಲೆಕ್ಕ ಆ ಕೋಡಿನಲ್ಲಿರುತ್ತದೆ, ಅದನ್ನು ಎಂಜಿನ್ನಿನ ಕಂಪ್ಯೂಟರಿಗೆ ತುಂಬಬೇಕು. ಕೆಲವು ಮಾದರಿಗಳಲ್ಲಿ ಹೊರಗಿನ ಸ್ಕ್ಯಾನರ್ ಈ ಕೆಲಸ ಮಾಡುತ್ತದೆ. ಮಾಡದ ಕಡೆ ಸಾಫ್ಟ್‌ವೇರ್ ಕಂಪನಿಯದು, ಪಾಸ್‌ವರ್ಡ್ ಅಧಿಕೃತ ಸರ್ವಿಸ್ ಸೆಂಟರಿನದು. ಅರ್ಧ ದಿನ ಬೆವರು ಸುರಿಸಿದ ಮೇಸ್ತ್ರಿ ಕೊನೆಯ ಎರಡು ನಿಮಿಷದ ಕೆಲಸಕ್ಕೆ ಕೈಕಟ್ಟಿ ನಿಲ್ಲುತ್ತಾರೆ. ಕಾರು ಟೋಯಿಂಗ್ ಗಾಡಿಯ ಮೇಲೆ ಜಿಲ್ಲಾ ಕೇಂದ್ರಕ್ಕೆ ಹೊರಡುತ್ತದೆ, ಬಾಡಿಗೆ ನಮ್ಮದು.

ಕಾರು ಇಟ್ಟುಕೊಂಡಿರುವ, ಇನ್ನೇನು ಕೊಳ್ಳಲಿರುವ ಎಲ್ಲರಲ್ಲೂ ನನ್ನ ಮನವಿ ಇಷ್ಟೇ: ಈ ಕೊನೆಯ ಎರಡು ನಿಮಿಷಕ್ಕಾಗಿ ನಾವು ದನಿ ಎತ್ತಬೇಕು. ಪೂರ್ತಿ ದುಡ್ಡು ಕೊಟ್ಟು ಕೊಂಡ ವಾಹನವನ್ನು ಎಲ್ಲಿ, ಯಾರ ಕೈಯಲ್ಲಿ ರಿಪೇರಿ ಮಾಡಿಸಬೇಕು ಎಂಬುದನ್ನು ಮಾಲೀಕರು ತೀರ್ಮಾನಿಸಬೇಕು. ಕಂಪನಿಯ ಸರ್ವಿಸ್ ಸೆಂಟರೇ ಬೇಕೆನ್ನುವವರು ಅಲ್ಲಿಗೇ ಹೋಗಲಿ, ನನ್ನ ತಕರಾರಿಲ್ಲ. ಬೇಡವೆನ್ನುವವರಿಗೆ ಬೇರೆ ಬಾಗಿಲು ತೆರೆದಿರಬೇಕು.

ಇದು ಹೊಸ ಬೇಡಿಕೆಯೂ ಅಲ್ಲ. ಒಬ್ಬ ಗ್ರಾಹಕರು 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಕೊಟ್ಟ ದೂರಿನಿಂದ ಶುರುವಾದ ತನಿಖೆ ಬೆಳೆಯುತ್ತಾ ಹೋಗಿ, 2014ರ ಆಗಸ್ಟ್ 25ರಂದು ಆಯೋಗ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಅಲ್ಲಿ ಬಯಲಾದ ವ್ಯವಹಾರವನ್ನು ನಾವೆಲ್ಲ ತಿಳಿದಿರಬೇಕು. ಬ್ರೇಕು, ಕ್ಲಚ್ಚು, ಫಿಲ್ಟರುಗಳನ್ನು ಹೆಚ್ಚಿನಂಶ ಕಾರು ಕಂಪನಿಗಳೇ ತಯಾರಿಸುವುದಿಲ್ಲ. ಅವುಗಳನ್ನು ಬೇರೆ ಕಾರ್ಖಾನೆಗಳು ಮಾಡಿಕೊಡುತ್ತವೆ. ಅದೇ ಸಾಮಾನನ್ನು ಆ ಕಾರ್ಖಾನೆಗಳು ನೇರವಾಗಿ ಮಾರುಕಟ್ಟೆಗೆ ಬಿಡದಂತೆ ಕಾರು ಕಂಪನಿಗಳು ಒಪ್ಪಂದಗಳಲ್ಲಿ ಕಟ್ಟಿಹಾಕಿದ್ದವು. ಬಿಡಿಭಾಗ, ದೋಷ ಪತ್ತೆಯ ಉಪಕರಣ, ರಿಪೇರಿ ಕೈಪಿಡಿ ಯಾವುದೂ ಹೊರಗಿನ ಗ್ಯಾರೇಜಿಗೆ ಸಿಗುತ್ತಿರಲಿಲ್ಲ. ನಮ್ಮ ತಂತ್ರಜ್ಞಾನ, ನಮ್ಮ ಬೌದ್ಧಿಕ ಆಸ್ತಿ ಎಂಬ ಕಂಪನಿಗಳ ಸಮರ್ಥನೆಯನ್ನು ಆಯೋಗ ಒಪ್ಪಲಿಲ್ಲ.

ದಂಡಕ್ಕಿಂತ ಆದೇಶದ ಉಳಿದ ಭಾಗ ನಮಗೆ ಮುಖ್ಯ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುವಂತೆ ಮಾಡಿ, ಬಿಡಿಭಾಗಗಳ ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬೇಡಿ ಎಂದು ಆಯೋಗ ಹೇಳಿತು. ಹೊರಗಿನವರ ತಪ್ಪಿನಿಂದಲೇ ಭಾಗವೊಂದು ಹಾಳಾಗಿದ್ದರೆ ಆ ಮಾತು ಬೇರೆ. ಕಂಪನಿಗಳು ಮೇಲ್ಮನವಿ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ತನ್ನ ಮುಂದೆ ಬಂದಿದ್ದ ಮೂರು ಕಂಪನಿಗಳ ತಪ್ಪನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಮಾತ್ರ ಬಿಡಿಭಾಗಗಳ ವಹಿವಾಟಿಗೆ ಇಳಿಸಿತು. ಇಷ್ಟೆಲ್ಲ ಆದಮೇಲೂ, ಹೊರಗೆ ಆಯಿಲ್ ಬದಲಾಯಿಸಿದರೆ ವಾರಂಟಿ ಹೋಗುತ್ತೆ ಸರ್ ಎಂಬ ಮಾತನ್ನು ಸರ್ವಿಸ್ ಕೌಂಟರಿನಲ್ಲಿ ಕೇಳದವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ? ಬಾಯಿಮಾತಿನಲ್ಲಿ ಸಲೀಸಾಗಿ ಬರುವ ಆ ಎಚ್ಚರಿಕೆಯನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿ ನೋಡಿ, ದನಿ ಮೆತ್ತಗಾಗುತ್ತದೆ.

ಇದರ ಪೆಟ್ಟು ತಿನ್ನುವವರು ಮುಖ್ಯವಾಗಿ ನಗರದ ಹೊಸ ಕಾರಿನ ಮಾಲೀಕರಲ್ಲ. ಅವರಿಗೆ ವಾರಂಟಿ ಇದೆ, ಹತ್ತಿರದಲ್ಲೇ ಶೋರೂಂ ಇದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಷ್ಟ್ರು, ಟ್ಯಾಕ್ಸಿ ಓಡಿಸಿ ಬದುಕುವ ಚಾಲಕ, ತೋಟದ ಕೆಲಸಕ್ಕೆ ಹಳೆ ಜೀಪು ಇಟ್ಟುಕೊಂಡ ಮಲೆನಾಡಿನವರು ಇದರ ಬಿಸಿ ಅನುಭವಿಸುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಶಿವಾಜಿನಗರದ ಗುಜರಿ ಸಾಲು, ಪ್ರತಿ ತಾಲ್ಲೂಕು ಕೇಂದ್ರದ ಲೇತ್ ಮತ್ತು ವೆಲ್ಡಿಂಗ್ ಶಾಪುಗಳು ಸೇರಿಯೇ ಇಷ್ಟು ವರ್ಷ ಈ ರಾಜ್ಯದ ಹಳೆ ಗಾಡಿಗಳನ್ನು ರಸ್ತೆಯ ಮೇಲೆ ಉಳಿಸಿವೆ. ಆ ಜಾಣ್ಮೆ ಈಗ ಸಾಫ್ಟ್‌ವೇರಿನ ಬೀಗದ ಮುಂದೆ ನಿಂತಿದೆ. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಅಗ್ಗದ ಸ್ಕ್ಯಾನರ್ ಚುಚ್ಚಿದರೆ ಸಾಮಾನ್ಯ ದೋಷದ ಕೋಡುಗಳು ಓದಲು ಸಿಗುತ್ತವೆ, ನಿಜ. ಆದರೆ ಕೀ ಕಳೆದರೆ ಹೊಸ ಕೀಗೆ ಕೋಡಿಂಗ್, ಮಾಡ್ಯೂಲ್ ಬದಲಾಯಿಸಿದರೆ ಪ್ರೋಗ್ರಾಮಿಂಗ್, ಕೆಲವು ಕಾರುಗಳಲ್ಲಿ ಬರೀ ಬ್ಯಾಟರಿ ಬದಲಾಯಿಸಿದರೂ ಅದನ್ನು ಕಂಪ್ಯೂಟರಿಗೆ ತಿಳಿಸುವ ಶಾಸ್ತ್ರ. ಇವಕ್ಕೆ ಆ ಸಾಕೆಟ್ಟು ಸಾಲದು.

ಮಾಹಿತಿ ಮುಚ್ಚಿಟ್ಟರೆ ಸುರಕ್ಷತೆ ಹೆಚ್ಚುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬಿಎಸ್-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಕಾವು ಏರಿ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಆ ಭಾಗ್ಯವಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ ಸ್ಕ್ಯಾನರಿನಿಂದ ಆದೇಶ ಕೊಟ್ಟು ಮಸಿ ಸುಡಿಸಬೇಕು. ಆ ಸೌಲಭ್ಯ ಪಕ್ಕದ ಗ್ಯಾರೇಜಿಗಿಲ್ಲ, ಹೊಸ ಫಿಲ್ಟರಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆಗ ಯಾರೋ ಒಬ್ಬರು ಕಿವಿಯಲ್ಲಿ ಉಸುರುತ್ತಾರೆ: ಫಿಲ್ಟರನ್ನೇ ಕಿತ್ತು ಬಿಸಾಕಿ, ಕಂಪ್ಯೂಟರಿಗೆ ಸುಳ್ಳು ಹೇಳಿಸೋಣ, ಬಿಡಿ. ಅದು ಅಕ್ರಮ, ಮಸಿಯೆಲ್ಲ ಹಿಂದೆ ಬರುವ ಸ್ಕೂಟರ್ ಸವಾರರ ಶ್ವಾಸಕೋಶಕ್ಕೆ. ಸರಿಯಾದ ರಿಪೇರಿ ಕೈಗೆಟುಕದ ಕಡೆ ಕಳ್ಳ ರಿಪೇರಿ ಅಂಗಡಿ ತೆರೆಯುತ್ತದೆ.

ಮಾರ್ಪಾಡಿನ ವಿಷಯದಲ್ಲಿ ನನ್ನ ನಿಲುವು ಇಷ್ಟು ಸಡಿಲವಲ್ಲ. ಸೈಲೆನ್ಸರ್ ಕಿತ್ತು ನಡುರಾತ್ರಿ ಬೀದಿ ಎಬ್ಬಿಸುವವರು, ಎದುರಿನವರ ಕಣ್ಣಿಗೆ ಕತ್ತಲೆ ಕವಿಸುವ ದೀಪ ಹಾಕಿಸಿಕೊಂಡವರು ಇದನ್ನು ತಮ್ಮ ಪರವಾದ ಲೇಖನ ಎಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂಬ ಶಿಕ್ಷೆ ಬಂತು. ಜೀವ ಉಳಿಸುವ ಮಟ್ಟಿಗೆ ಇದು ಸರಿಯೇ. ಆದರೆ ಕಾಯ್ದೆ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆ ಎನ್ನುತ್ತದೆ. ಮೂಲ ಲಕ್ಷಣ ಯಾವುದು ಎಂಬ ಚರ್ಚೆ ಚೆಕ್‌ಪೋಸ್ಟಿನಲ್ಲಿ, ಬಿಸಿಲಿನಲ್ಲಿ ನಡೆಯುತ್ತದೆ, ಗೆಲ್ಲುವವರು ಯಾರೆಂದು ನಿಮಗೆ ಗೊತ್ತು. ಅನುಮೋದಿತ ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲಿ ನಮೂದಿಸಲು ದಾರಿ ಇದೆ. ಕಾಲಿಲ್ಲದವರು ಕೈಯಿಂದಲೇ ಬ್ರೇಕು, ಆಕ್ಸಿಲರೇಟರ್ ಒತ್ತುವಂತೆ ಕಾರನ್ನು ಬದಲಿಸಿಕೊಳ್ಳಲೂ ಕಾಯ್ದೆಯಲ್ಲಿ ಅವಕಾಶವಿದೆ. ಈ ಎರಡನೆಯದು ಬೇಕಾದವರಿಗೇ ತಿಳಿದಿರುವುದಿಲ್ಲ. ಯಾವ ಬದಲಾವಣೆಗೆ ಯಾರನ್ನೂ ಕೇಳಬೇಕಿಲ್ಲ, ಯಾವುದಕ್ಕೆ ಅನುಮತಿ ಬೇಕು, ಯಾವುದು ಕೂಡದು ಎಂಬ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಪ್ರತಿ ಆರ್‌ಟಿಒ ಕಚೇರಿಯ ಗೋಡೆಗೆ ಹಾಕುವಂತೆ ಸಾರಿಗೆ ಇಲಾಖೆಯನ್ನು ನಾವು ಒತ್ತಾಯಿಸಬೇಕು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವರು ಈ ಪ್ರಶ್ನೆಯನ್ನು ಮತಪೆಟ್ಟಿಗೆಗೇ ಒಯ್ದರು. 2012ರಲ್ಲಿ ಅಲ್ಲಿನ ಮತದಾರರು ಭಾರಿ ಬಹುಮತದಿಂದ, ಅಧಿಕೃತ ಡೀಲರಿಗೆ ಕೊಡುವ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕು ಎಂದರು. ಕಾರುಗಳು ಮಾಹಿತಿಯನ್ನು ನಿಸ್ತಂತುವಾಗಿ ನೇರ ಕಂಪನಿಗೆ ರವಾನಿಸತೊಡಗಿದಾಗ 2020ರಲ್ಲಿ ಮತ್ತೆ ಮತ ಹಾಕಿದರು. ನಿಮ್ಮ ಕಾರಿನ ಮಾಹಿತಿ ದುಷ್ಟರ ಕೈ ಸೇರುತ್ತದೆ ಎಂದು ಹೆದರಿಸುವ ಟಿವಿ ಜಾಹೀರಾತುಗಳನ್ನು ನೋಡಿಯೂ ನೂರಕ್ಕೆ ಸುಮಾರು 75 ಮಂದಿ ಹೌದು ಎಂದರು. ಕಂಪನಿಗಳು ಮತದಾನ ನಡೆದ ತಿಂಗಳಲ್ಲೇ ಕೋರ್ಟಿಗೆ ಹೋದವು. ಅದೇ ದೇಶದಲ್ಲಿ ಟ್ರ್ಯಾಕ್ಟರ್ ತಯಾರಕ ಜಾನ್ ಡೀರ್ 2015ರಲ್ಲಿ ಸರ್ಕಾರದ ಮುಂದೆ ಮಂಡಿಸಿದ ವಾದ ಇನ್ನೂ ಸ್ವಾರಸ್ಯದ್ದು: ಕೊಂಡವರಿಗೆ ಗಾಡಿಯ ಸಾಫ್ಟ್‌ವೇರ್ ಬಳಸುವ ಪರವಾನಗಿಯಷ್ಟೇ ಸಿಗುತ್ತದಂತೆ.

ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಸೇರಿಸಿತು. ಆ ಡಿಸೆಂಬರಿನಲ್ಲಿ ಪೋರ್ಟಲ್ ಒಂದೂ ಬಂತು. ಅಲ್ಲಿ ಕಂಪನಿಗಳು ತಮ್ಮ ಸರ್ವಿಸ್ ಸೆಂಟರ್, ವಾರಂಟಿ, ಬಿಡಿಭಾಗದ ವಿವರ ಹಾಕುತ್ತವೆ. ಒಳ್ಳೆಯದೇ. ಆದರೆ ಪೋರ್ಟಲ್ಲಿನಲ್ಲಿ ಮಾಹಿತಿ ಹಾಕುವುದಕ್ಕೂ, ಗ್ಯಾರೇಜಿನವರು ನ್ಯಾಯವಾದ ಶುಲ್ಕ ಕಟ್ಟಿ ಕೋಡಿಂಗ್ ಸಾಫ್ಟ್‌ವೇರ್ ಪಡೆಯಲು ಕಾಯ್ದೆಯ ಬಲ ಸಿಗುವುದಕ್ಕೂ ಬಹಳ ಅಂತರವಿದೆ. ನಮಗೆ ಎರಡನೆಯದು ಬೇಕು. ಏರ್‌ಬ್ಯಾಗು, ವಿದ್ಯುತ್ ಕಾರಿನ ಹೈ ವೋಲ್ಟೇಜ್ ಬ್ಯಾಟರಿಯಂಥ ಅಪಾಯದ ಕೆಲಸಕ್ಕೆ ತರಬೇತಿ, ಪ್ರಮಾಣಪತ್ರ ಕಡ್ಡಾಯ ಮಾಡಲಿ. ಐಟಿಐಗಳಲ್ಲಿ ಆ ಪಾಠ ಸೇರಿಸಲಿ. ಕಲಿತವರಿಗೂ ಬಾಗಿಲು ಹಾಕುವುದು ಮಾತ್ರ ಬೇಡ.

ನೀವು ಮಾಡಬಹುದಾದದ್ದು ಕಷ್ಟದ್ದಲ್ಲ. ಕಾರು ಕೊಳ್ಳುವಾಗ ಬಣ್ಣ, ಸನ್‌ರೂಫ್ ವಿಚಾರಿಸಿದ ಮೇಲೆ, ಐದು ವರ್ಷದ ನಂತರ ಹೊರಗಿನ ಗ್ಯಾರೇಜಿಗೆ ಇದರ ಬಿಡಿಭಾಗ, ಸಾಫ್ಟ್‌ವೇರ್ ಸಿಗುತ್ತದೆಯೇ ಎಂದೂ ಕೇಳಿ. ನೂರು ಗಿರಾಕಿಗಳು ಕೇಳಿದರೆ ಪ್ರಶ್ನೆ ಮೇಲಿನವರೆಗೆ ಮುಟ್ಟುತ್ತದೆ. ಸರ್ವಿಸ್ ಆದಮೇಲೆ ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ವಾರಂಟಿ ನಿರಾಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಇಮೇಲಿನಲ್ಲಿ ಉತ್ತರ ಕೇಳಿ. ಬಿಡಿಭಾಗ ಕೊಡಲ್ಲ ಎಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಕಾರಿನ ಮಾದರಿ, ತಯಾರಾದ ವರ್ಷ, ಕೇಳಿದ ಭಾಗದ ನಂಬರು, ಸಿಕ್ಕ ಉತ್ತರ ಇಷ್ಟನ್ನು ಮೊದಲೇ ಬರೆದಿಟ್ಟುಕೊಂಡಿರಿ. ದೂರಿಗೆ ಒಂದು ಡಾಕೆಟ್ ನಂಬರ್ ಕೊಡುತ್ತಾರೆ. ರಿಪೇರಿ ಹಕ್ಕಿನ ಕಾಯ್ದೆ ಎಲ್ಲಿಗೆ ಬಂತು ಎಂದು ನಿಮ್ಮ ಸಂಸದರಿಗೆ ಪತ್ರ ಬರೆಯುವಾಗ ಆ ನಂಬರನ್ನು ಮೊದಲ ಸಾಲಿನಲ್ಲೇ ಹಾಕಿ.