ರವಿವಾರದ ಫೈನಲ್: ಯಾರು ಗೆದ್ದರೂ ಹೊಸ ಚಾಂಪಿಯನ್, ಆದರೆ ಇದು ಅದೃಷ್ಟದ ಆಟವಲ್ಲ

ಮಹಿಳೆಯರ ಏಕದಿನ ವಿಶ್ವಕಪ್ ಶುರುವಾದದ್ದು 1973ರಲ್ಲಿ. ಪುರುಷರ ವಿಶ್ವಕಪ್‌ಗಿಂತ ಎರಡು ವರ್ಷ ಮೊದಲು! 2022ರವರೆಗೆ 12 ಟೂರ್ನಿಗಳು ಮುಗಿದಿವೆ. ಆಸ್ಟ್ರೇಲಿಯ 7 ಸಲ, ಇಂಗ್ಲೆಂಡ್ 4 ಸಲ, ನ್ಯೂಝಿಲ್ಯಾಂಡ್ ಒಂದು ಸಲ ಕಪ್ ಎತ್ತಿವೆ. ಅಷ್ಟೇ. ನಾಲ್ಕನೇ ದೇಶದ ಹೆಸರು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಈ ರವಿವಾರ, ನವೆಂಬರ್ 2ರಂದು, ಆ ಪಟ್ಟಿಗೆ ಹೊಸ ಹೆಸರು ಸೇರುವುದು ಖಚಿತ. ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಮುಖಾಮುಖಿ. ಆಸ್ಟ್ರೇಲಿಯವೂ ಇಲ್ಲದ, ಇಂಗ್ಲೆಂಡೂ ಇಲ್ಲದ ಫೈನಲ್ ಇದೇ ಮೊದಲು. ಇದು ಹೇಗಾಯಿತು? ಎರಡು ತಂಡಗಳಿಗೆ ಒಂದು ವಾರ ಲಕ್ ಕುದುರಿತು ಎಂದು ಹೇಳಿ ಸುಮ್ಮನಾಗುವ ಸಂಗತಿ ಇದಲ್ಲ. ಅದಕ್ಕೆ ಬರುವ ಮುನ್ನ ಪಂದ್ಯದ ಲೆಕ್ಕಾಚಾರ ನೋಡೋಣ.

ಫೈನಲ್‌ಗೆ ಬಂದ ದಾರಿ

ಎರಡೂ ತಂಡಗಳ ದಾರಿ ಸುಲಭವಾಗಿರಲಿಲ್ಲ. ಭಾರತ ಲೀಗ್ ಹಂತದಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯ, ಇಂಗ್ಲೆಂಡ್ ವಿರುದ್ಧ ಸತತ ಮೂರು ಪಂದ್ಯ ಸೋತಿತು. ಇಂದೋರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸೋತದ್ದು ಬರೇ 4 ರನ್‌ಗಳಿಂದ. ಏಳು ಅಂಕಗಳೊಂದಿಗೆ ನಾಲ್ಕನೇ ತಂಡವಾಗಿ ಹೇಗೋ ಸೆಮಿಫೈನಲ್ ತಲುಪಿತು. ಅಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಆಸ್ಟ್ರೇಲಿಯದ 338 ರನ್‌ಗಳನ್ನು ಭಾರತ 9 ಎಸೆತ ಬಾಕಿ ಇರುವಾಗಲೇ ಬೆನ್ನಟ್ಟಿ ಮುಗಿಸಿತು. ಮಹಿಳೆಯರ ಏಕದಿನ ಕ್ರಿಕೆಟ್‌ನಲ್ಲಿ ಇದಕ್ಕಿಂತ ದೊಡ್ಡ ಚೇಸ್ ಇಲ್ಲ. ಜೆಮಿಮಾ ರೋಡ್ರಿಗಸ್ ಔಟಾಗದೆ 127, ನಾಯಕಿ ಹರ್ಮನ್‌ಪ್ರೀತ್ ಕೌರ್ 89. ವಿಶ್ವಕಪ್‌ನಲ್ಲಿ ಸತತ 15 ಪಂದ್ಯ ಗೆದ್ದಿದ್ದ ಆಸ್ಟ್ರೇಲಿಯದ ಓಟ ಅಲ್ಲಿಗೆ ನಿಂತಿತು.

ದಕ್ಷಿಣ ಆಫ್ರಿಕಾದ ಕಥೆ ಇನ್ನೂ ವಿಚಿತ್ರ. ಮೊದಲ ಪಂದ್ಯದಲ್ಲೇ ಇಂಗ್ಲೆಂಡ್ ಎದುರು 69ಕ್ಕೆ ಆಲೌಟ್. ನಂತರ ಸತತ ಐದು ಗೆಲುವು. ಕೊನೆಯ ಲೀಗ್ ಪಂದ್ಯದಲ್ಲಿ ಆಸ್ಟ್ರೇಲಿಯ ಎದುರು 97ಕ್ಕೆ ಆಲೌಟ್. ಅದಾಗಿ ನಾಲ್ಕೇ ದಿನಕ್ಕೆ ಗುವಾಹಟಿಯ ಸೆಮಿಫೈನಲ್‌ನಲ್ಲಿ ಅದೇ ಇಂಗ್ಲೆಂಡನ್ನು 125 ರನ್‌ಗಳಿಂದ ಮಣಿಸಿತು. ನಾಯಕಿ ಲಾರಾ ವೋಲ್ವಾರ್ಟ್ 143 ಎಸೆತಗಳಲ್ಲಿ 169 ಹೊಡೆದರು. ಮರಿಝಾನ್ ಕಾಪ್ 20 ರನ್ ಕೊಟ್ಟು 5 ವಿಕೆಟ್ ಕಿತ್ತು, ವಿಶ್ವಕಪ್‌ಗಳಲ್ಲಿ ಅತಿಹೆಚ್ಚು ವಿಕೆಟ್ ಪಡೆದ ಜೂಲನ್ ಗೋಸ್ವಾಮಿಯ ದಾಖಲೆಯನ್ನೂ ದಾಟಿದರು.

ಪಂದ್ಯ ಎಲ್ಲಿ ತಿರುಗಬಹುದು?

ಮೊದಲನೆಯದು, ವೋಲ್ವಾರ್ಟ್ ಮತ್ತು ಭಾರತದ ಸ್ಪಿನ್. ಈ ಟೂರ್ನಿಯಲ್ಲಿ ವೋಲ್ವಾರ್ಟ್ ಈಗಾಗಲೇ 470 ರನ್ ಗಳಿಸಿದ್ದಾರೆ. ಆದರೆ ಅವರ ತಂಡ ಕುಸಿದ ಎರಡೂ ದಿನ ಹೊಡೆತ ಕೊಟ್ಟದ್ದು ಸ್ಪಿನ್ನರ್‌ಗಳೇ. ಇಂಗ್ಲೆಂಡ್ ಪರ ಎಡಗೈ ಸ್ಪಿನ್ನರ್ ಲಿನ್ಸಿ ಸ್ಮಿತ್, ಆಸ್ಟ್ರೇಲಿಯ ಪರ ಲೆಗ್ ಸ್ಪಿನ್ನರ್ ಅಲಾನಾ ಕಿಂಗ್. ಕಿಂಗ್ ಅಂದು 18 ರನ್‌ಗೆ 7 ವಿಕೆಟ್ ತೆಗೆದಿದ್ದರು. ಭಾರತದ ಕೈಯಲ್ಲಿ 17 ವಿಕೆಟ್ ಪಡೆದಿರುವ ದೀಪ್ತಿ ಶರ್ಮಾ ಇದ್ದಾರೆ, ಆಂಧ್ರದ ಎಡಗೈ ಸ್ಪಿನ್ನರ್ ಶ್ರೀ ಚರಣಿ ಇದ್ದಾರೆ. ವೋಲ್ವಾರ್ಟ್ 35ನೇ ಓವರ್ ದಾಟಿದರೆ ಪಂದ್ಯ ಕೈತಪ್ಪಿದಂತೆ. ಅದಕ್ಕೆ ಮೊದಲೇ ಹೋದರೆ ಉಳಿದವರ ಮೇಲೆ ಒತ್ತಡ ಬೀಳುತ್ತದೆ.

ಎರಡನೆಯದು, ಕೊನೆಯ ಹತ್ತು ಓವರ್. ಭಾರತದ ನಿಜವಾದ ತಲೆನೋವು ಇದು. ವಿಶಾಖಪಟ್ಟಣದಲ್ಲಿ ಅಕ್ಟೋಬರ್ 9ರಂದು ಭಾರತ 251 ಹೊಡೆದಿತ್ತು. ರಿಚಾ ಘೋಷ್ ಒಬ್ಬರೇ 94. ದಕ್ಷಿಣ ಆಫ್ರಿಕಾದ ಅರ್ಧ ತಂಡ ಬೇಗನೆ ಹೋಗಿತ್ತು. ಗೆದ್ದೆವು ಅಂತ ಎಲ್ಲರೂ ಅಂದುಕೊಂಡಾಗ ನಾಡೀನ್ ಡಿ ಕ್ಲರ್ಕ್ 54 ಎಸೆತಗಳಲ್ಲಿ 84 ಚಚ್ಚಿ 7 ಎಸೆತ ಬಾಕಿ ಇರುವಾಗಲೇ ಪಂದ್ಯ ಕಿತ್ತುಕೊಂಡರು. ಆ ತಂಡದಲ್ಲಿ ಆರನೇ ವಿಕೆಟ್ ಬಿದ್ದ ಮೇಲೂ ಆಟ ಮುಗಿಯುವುದಿಲ್ಲ. ಕ್ಲೋಯಿ ಟ್ರಯಾನ್, ಡಿ ಕ್ಲರ್ಕ್ ಇಬ್ಬರೂ ಕೆಳಗೆ ಕಾಯುತ್ತಿರುತ್ತಾರೆ.

ಮೂರನೆಯದು, ಓಪನಿಂಗ್. ಸ್ಮೃತಿ ಮಂಧಾನ ಜೊತೆ ಚೆನ್ನಾಗಿ ಹೊಂದಿಕೊಂಡು 308 ರನ್ ಗಳಿಸಿದ್ದ ಪ್ರತೀಕಾ ರಾವಲ್, ಬಾಂಗ್ಲಾದೇಶದ ವಿರುದ್ಧದ ಪಂದ್ಯದಲ್ಲಿ ಗಾಯಗೊಂಡು ಹೊರಬಿದ್ದರು. ಮೂಲ ತಂಡದಲ್ಲೇ ಇಲ್ಲದ ಶಫಾಲಿ ವರ್ಮಾ ಸೆಮಿಫೈನಲ್‌ಗೆ ನೇರ ಬಂದು 10 ರನ್‌ಗೆ ಔಟಾದರು. ಶಫಾಲಿ ನಿಂತರೆ ಮೊದಲ ಹತ್ತು ಓವರ್‌ನಲ್ಲೇ ಎದುರಾಳಿಯ ಪ್ಲಾನ್ ತಲೆಕೆಳಗು. ನಿಲ್ಲದಿದ್ದರೆ ಕಾಪ್ ಅವರ ಹೊಸ ಚೆಂಡು ಮಧ್ಯಮ ಕ್ರಮಾಂಕವನ್ನು ಬೇಗನೆ ಕ್ರೀಸಿಗೆ ಎಳೆದು ತರುತ್ತದೆ.

ಮೈದಾನ ಭಾರತಕ್ಕೆ ಅನುಕೂಲ. ಕೊನೆಯ ಮೂರೂ ಪಂದ್ಯಗಳನ್ನು ಭಾರತ ಇಲ್ಲೇ ಆಡಿದೆ. ದಕ್ಷಿಣ ಆಫ್ರಿಕಾ ಈ ಟೂರ್ನಿಯಲ್ಲಿ ಇಲ್ಲಿ ಒಂದೂ ಪಂದ್ಯ ಆಡಿಲ್ಲ. ಆದರೆ ಇತಿಹಾಸ ಅವರ ಕಡೆ ಇದೆ. 2017, 2022, 2025 ಹೀಗೆ ಕಳೆದ ಮೂರು ವಿಶ್ವಕಪ್‌ಗಳಲ್ಲಿ ಭಾರತ ಅವರೆದುರು ಗೆದ್ದಿಲ್ಲ. 2022ರಲ್ಲಿ ಕೊನೆಯ ಎಸೆತದಲ್ಲಿ ಸೋತು ಸೆಮಿಫೈನಲ್ ಅವಕಾಶವನ್ನೇ ಕಳೆದುಕೊಂಡಿತ್ತು.

ಭಾರತಕ್ಕೆ ಇನ್ನೊಂದು ಎಚ್ಚರಿಕೆಯೂ ಇದೆ. 2017ರಲ್ಲಿ ಹರ್ಮನ್‌ಪ್ರೀತ್ ಅವರ ಅಜೇಯ 171ರ ಬಲದಿಂದ ಆಸ್ಟ್ರೇಲಿಯವನ್ನು ಸೆಮಿಯಲ್ಲಿ ಸೋಲಿಸಿದ ಭಾರತ, ಲಾರ್ಡ್ಸ್ ಫೈನಲ್‌ನಲ್ಲಿ 3 ವಿಕೆಟ್‌ಗೆ 191ರಿಂದ 219ಕ್ಕೆ ಆಲೌಟಾಗಿ 9 ರನ್‌ಗಳಿಂದ ಸೋತಿತ್ತು. ಹರ್ಮನ್, ಸ್ಮೃತಿ, ದೀಪ್ತಿ ಮೂವರೂ ಆ ದಿನ ಮೈದಾನದಲ್ಲಿದ್ದರು. ದೊಡ್ಡ ಸೆಮಿಫೈನಲ್ ಗೆದ್ದ ಮಾತ್ರಕ್ಕೆ ಕಪ್ ಬರುವುದಿಲ್ಲ ಎಂದು ಅವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ದುಡ್ಡು ಹಾಕಿದ ಕಡೆ ಫಲ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಎರಡೇ ತಂಡಗಳು ಯಾಕೆ?

2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಪುರುಷರಿಗೂ ಮಹಿಳೆಯರಿಗೂ ಒಂದೇ ಪಂದ್ಯ ಶುಲ್ಕ ಎಂದು ಘೋಷಿಸಿತು. ಏಕದಿನಕ್ಕೆ 6 ಲಕ್ಷ ರೂಪಾಯಿ. 2023ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾ ತನ್ನ ನೆಲದಲ್ಲೇ ಟಿ20 ವಿಶ್ವಕಪ್ ಫೈನಲ್ ಆಡಿ ಸೋತಿತು. ಆಗಸ್ಟ್‌ನಲ್ಲಿ ಅಲ್ಲಿನ ಕ್ರಿಕೆಟ್ ಮಂಡಳಿಯೂ ಸಮಾನ ಪಂದ್ಯ ಶುಲ್ಕ ಮತ್ತು ಮಹಿಳೆಯರಿಗೆ ವೃತ್ತಿಪರ ದೇಶೀಯ ಲೀಗ್ ಘೋಷಿಸಿತು. 2024ರ ಟಿ20 ವಿಶ್ವಕಪ್‌ನಲ್ಲಿ ಮತ್ತೆ ಫೈನಲ್, ಈಗ ಏಕದಿನದಲ್ಲೂ ಫೈನಲ್. ಪ್ರತಿಭೆ ಮೊದಲೂ ಇತ್ತು ಮಾರಾಯ್ರೆ. ಕ್ರಿಕೆಟನ್ನೇ ಕೆಲಸವಾಗಿ ಮಾಡಿಕೊಂಡು ಬದುಕಬಹುದು ಎನ್ನುವ ಧೈರ್ಯ ಬಂದದ್ದು ಈಗ.

ಹಾಗಂತ ಎಲ್ಲ ಸರಿಯಾಗಿದೆ ಎಂದಲ್ಲ. ಬಿಸಿಸಿಐಯ 2024-25ರ ವಾರ್ಷಿಕ ಗುತ್ತಿಗೆಯಲ್ಲಿ ಮಹಿಳೆಯರ ಎ ಗ್ರೇಡ್‌ಗೆ 50 ಲಕ್ಷ, ಪುರುಷರ ಎ ಪ್ಲಸ್‌ಗೆ 7 ಕೋಟಿ ಇತ್ತು. ಆದರೂ ಈ ಸಲ ಐಸಿಸಿ ಇಟ್ಟಿರುವ ಒಟ್ಟು ಬಹುಮಾನ 1.388 ಕೋಟಿ ಡಾಲರ್. 2023ರ ಪುರುಷರ ವಿಶ್ವಕಪ್‌ಗೆ ಇಟ್ಟಿದ್ದ 1 ಕೋಟಿ ಡಾಲರ್‌ಗಿಂತ ಹೆಚ್ಚು. ಗೆದ್ದವರಿಗೆ 44.8 ಲಕ್ಷ ಡಾಲರ್.

ಬೆಂಗಳೂರಿಗೆ ತಪ್ಪಿದ ಪಂದ್ಯ

ಈ ಫೈನಲ್ ನಡೆಯಬೇಕಾಗಿದ್ದದ್ದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ. ಪಾಕಿಸ್ತಾನ ಫೈನಲ್ ತಲುಪಿದರೆ ಮಾತ್ರ ಕೊಲಂಬೊಗೆ ಹೋಗಬೇಕಿತ್ತು. ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಸ್ಟೇಡಿಯಂ ಹೊರಗೆ 11 ಜನ ಪ್ರಾಣ ಕಳೆದುಕೊಂಡರು. ಆ ಬಳಿಕ ಆಗಸ್ಟ್‌ನಲ್ಲಿ ಪಂದ್ಯಗಳು ನವಿ ಮುಂಬೈಗೆ ಹೋದವು. ಕರ್ನಾಟಕದ ಹೆಣ್ಣುಮಕ್ಕಳು ತಮ್ಮೂರಲ್ಲೇ ನೋಡಬಹುದಾಗಿದ್ದ ವಿಶ್ವಕಪ್ ಫೈನಲ್ ಕೈತಪ್ಪಿತು. ರವಿವಾರ ಭಾರತ ಗೆದ್ದರೆ ಬೀದಿಗೆ ಇಳಿಯುವ ಹುಡುಗರು ಆ 11 ಮನೆಗಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಯಾವ ಕಪ್ಪೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ನಮ್ಮ ಮನೆಯ ಹುಡುಗಿಯರು

ಇದೆಲ್ಲ ನಮಗೆ ಯಾಕೆ ಎನ್ನುವವರಿಗೆ ಮೂರು ಹೆಸರು. ಕೇಪ್‌ಟೌನ್‌ನ ಮುಸ್ಲಿಂ ಹುಡುಗಿ ಶಬ್ನಿಮ್ ಇಸ್ಮಾಯೀಲ್ 16 ವರ್ಷ ದಕ್ಷಿಣ ಆಫ್ರಿಕಾ ಪರ ವೇಗದ ಬೌಲಿಂಗ್ ಮಾಡಿ, ಏಕದಿನದಲ್ಲೇ 191 ವಿಕೆಟ್ ಪಡೆದು 2023ರಲ್ಲಿ ನಿವೃತ್ತರಾದರು. ಇಂದಿನ ತಂಡದ ಅಡಿಪಾಯದಲ್ಲಿ ಅವರ ಬೆವರೂ ಇದೆ. ನೂಶೀನ್ ಅಲ್ ಖದೀರ್, 2005ರಲ್ಲಿ ಸೆಂಚುರಿಯನ್‌ನಲ್ಲಿ ಫೈನಲ್ ಸೋತ ಭಾರತ ತಂಡದ ಸ್ಪಿನ್ನರ್. 2023ರಲ್ಲಿ ಅದೇ ದಕ್ಷಿಣ ಆಫ್ರಿಕಾದಲ್ಲಿ ಅಂಡರ್-19 ಟಿ20 ವಿಶ್ವಕಪ್ ಗೆದ್ದ ಭಾರತದ ಕೋಚ್ ಅವರೇ. ಆ ತಂಡದ ನಾಯಕಿ ಇದೇ ಶಫಾಲಿ, ರಿಚಾ ಕೂಡ ಅದರಲ್ಲಿದ್ದರು. ಮೂರನೆಯದು ನಮ್ಮ ನೆರೆಯ ವಯನಾಡಿನ ಮಿನ್ನು ಮಣಿ. ಬುಡಕಟ್ಟು ಸಮುದಾಯದ ಈಕೆ ಗದ್ದೆಯಲ್ಲಿ ಹುಡುಗರ ಜೊತೆ ಆಡುತ್ತಾ ಬೆಳೆದು, ಭಾರತಕ್ಕೆ ಆಡಿದ ಕೇರಳದ ಮೊದಲ ಮಹಿಳೆಯಾದರು. ಈ ವಿಶ್ವಕಪ್‌ಗೂ ಅವರು ಮೀಸಲು ಆಟಗಾರ್ತಿಯರ ಪಟ್ಟಿಯಲ್ಲಿದ್ದರು.

ಮಂಗಳೂರಿನಿಂದ ಕಾಸರಗೋಡಿನವರೆಗೆ ನಮ್ಮ ಯುವಕ ಸಂಘಗಳು ಅಂಡರ್‌ಆರ್ಮ್ ಟೂರ್ನಮೆಂಟ್‌ಗೆ, ಜೆರ್ಸಿಗೆ, ಫ್ಲಡ್‌ಲೈಟಿಗೆ ದುಡ್ಡು ಹೊಂದಿಸುತ್ತವೆ. ಒಳ್ಳೆಯದೇ. ಆದರೆ ಅದೇ ಮೈದಾನದಲ್ಲಿ ವಾರಕ್ಕೆ ಒಂದು ಗಂಟೆ ಹುಡುಗಿಯರಿಗೆ ಸಿಗುತ್ತದಾ? ಪ್ರತ್ಯೇಕ ಸಮಯ ಬೇಕು, ಮಹಿಳಾ ಕೋಚ್ ಬೇಕು, ಮೈತುಂಬ ಬಟ್ಟೆ ಬೇಕು ಎಂದರೆ ಅದೆಲ್ಲ ಮಾಡಲಾಗದ ಕೆಲಸವೇನಲ್ಲ. ಮನಸ್ಸು ಬೇಕಷ್ಟೇ.

ಇನ್ನೊಂದು ಮಾತು. ಈ ಟೂರ್ನಿಯಲ್ಲಿ ಎರಡು ಸಲ ಸೊನ್ನೆಗೆ ಔಟಾಗಿ, ಒಂದು ಪಂದ್ಯದಲ್ಲಿ ತಂಡದಿಂದಲೇ ಕೈಬಿಟ್ಟ ಮೇಲೆ ಮರಳಿ ಬಂದವರು ಜೆಮಿಮಾ. ಸೆಮಿಫೈನಲ್ ಮುಗಿದ ಮೇಲೆ, ತಾನು ಆತಂಕದಿಂದ ಬಳಲಿದ್ದೆ, ದಿನವೂ ಅತ್ತಿದ್ದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಪರೀಕ್ಷೆ, ಕೆಲಸ, ಗಲ್ಫ್ ಒಂಟಿತನದಲ್ಲಿ ಒಳಗೊಳಗೇ ಕುಗ್ಗುವ ನಮ್ಮ ಮಕ್ಕಳು ಅದನ್ನು ಕೇಳಬೇಕು. ಕಷ್ಟ ಹೇಳಿಕೊಳ್ಳುವುದು ಸೋಲಲ್ಲ.

ಪಂದ್ಯ ಮಧ್ಯಾಹ್ನ 3 ಗಂಟೆಗೆ. ದುಬೈಯಲ್ಲಿ 1:30, ಸೌದಿಯಲ್ಲಿ 12:30. ಮಳೆ ಬಂದರೆ ಸೋಮವಾರ ಮೀಸಲು ದಿನ. ತವರಿನ ಬೆಂಬಲ, ಸೆಮಿಫೈನಲ್‌ನ ಆತ್ಮವಿಶ್ವಾಸ ಸೇರಿ ಭಾರತ ಒಂದು ಹೆಜ್ಜೆ ಮುಂದಿದೆ ಎನ್ನಬಹುದು. ಒಂದೇ ಹೆಜ್ಜೆ. ಟಿವಿ ಮುಂದೆ ಕೂರುವಾಗ ತಂಗಿಯನ್ನೂ ಉಮ್ಮನನ್ನೂ ಪಕ್ಕಕ್ಕೆ ಕರೆಯಿರಿ. ಚಹಾ ಮಾಡಿ ತರುವ ಕೆಲಸ ಆ ದಿನ ಹುಡುಗರದ್ದಾಗಲಿ.