ಕಂಬದ ಮೇಲೆ ಉಳಿದ ಕೈ

"ಮೇಡಂ, ಈ ಬೆರಳುಗಳನ್ನ ತೆಗೆದುಬಿಡ್ಲಾ? ಎರಡು ನಿಮಿಷದ ಕೆಲಸ" ಅಂದ ಸ್ಟುಡಿಯೋ ಹುಡುಗ.

ಅಮ್ಮನ ತವರಿನ ಹಳೇ ಗ್ರೂಪ್ ಫೋಟೋ ಅದು. ತಾತ, ಅಜ್ಜಿ, ಸೋದರಮಾವಂದಿರು, ಬಲತುದಿಯಲ್ಲಿ ಅಮ್ಮ. ಅಲ್ಲಿಗೆ ಫೋಟೋ ಮುಗಿದಿದೆ. ಅಮ್ಮನ ಪಕ್ಕ ನಿಂತಿದ್ದವಳು ಚಿಕ್ಕಮ್ಮ. ಬೇರೆ ಜಾತಿಯವರನ್ನ ಮದುವೆಯಾದಳು ಅಂತ ತಾತ ಕತ್ತರಿ ತಗೊಂಡು ಅವಳನ್ನ ಫೋಟೋದಿಂದಲೇ ತೆಗೆದಿದ್ದರು. ಆದರೆ ಅಮ್ಮನ ಹೆಗಲ ಮೇಲೆ ಅವಳ ನಾಲ್ಕು ಬೆರಳು ಉಳಿದುಬಿಟ್ಟವು. ಚಿಕ್ಕಂದಿನಲ್ಲಿ "ಇದು ಯಾರ ಕೈ?" ಅಂತ ಕೇಳಿದರೆ ಅಮ್ಮ ಎದ್ದು ಒಳಗೆ ಹೋಗ್ತಿದ್ದಳು.

ಫೋಟೋ ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕೋಣ ಅಂತ ಹೋಗಿದ್ದೆ. "ಹೂಂ, ತೆಗೆದುಬಿಡಪ್ಪ" ಅನ್ನೋಕೆ ಬಾಯಿ ತೆರೆದವಳಿಗೆ ರವೆನ್ನಾ ನೆನಪಾಯಿತು.

ಮಗಳು ಇಟಲಿಯಲ್ಲಿ ಕಲೆಯ ಇತಿಹಾಸ ಓದುತ್ತಿದ್ದಾಗ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಸಾಂತ್ ಅಪೊಲಿನಾರೆ ನುವೊವೊ ಅನ್ನೋ ಚರ್ಚು. ಓಸ್ಟ್ರೋಗೋಥ್ ದೊರೆ ಥಿಯೋಡೋರಿಕ್ 6ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಎರಡೂ ಬದಿಯ ಗೋಡೆ ತುಂಬ ಬಣ್ಣದ ಗಾಜು, ಕಲ್ಲಿನ ಸಣ್ಣ ಸಣ್ಣ ಚೂರು ಒತ್ತಿ ಮಾಡಿದ ಮೊಸಾಯಿಕ್ ಚಿತ್ರಗಳು. ಒಂದು ಕಡೆ ದೊರೆಯ ಅರಮನೆಯ ಚಿತ್ರವಿದೆ. ಕಂಬದ ನಡುವೆ ಬಿಳೀ ಪರದೆ, ಒಬ್ಬ ಮನುಷ್ಯನೂ ಇಲ್ಲ.

"ಅಮ್ಮ, ಕಂಬಗಳನ್ನ ಸರಿಯಾಗಿ ನೋಡು" ಅಂದಳು ಮಗಳು.

ನೋಡಿದರೆ ಕೆಲವು ಕಂಬಗಳ ಮೇಲೆ ಬರೀ ಕೈ! ದೇಹವಿಲ್ಲ, ಮುಖವಿಲ್ಲ. ನನಗೆ ಮೈ ಜುಂ ಅಂತು.

ಥಿಯೋಡೋರಿಕ್ ಏರಿಯನ್ ಪಂಥದವನು. ಮಗನಾದ ಕ್ರಿಸ್ತ ತಂದೆಯಾದ ದೇವರಿಗೆ ಸಮಾನನಲ್ಲ ಅನ್ನೋದು ಅವರ ನಂಬಿಕೆ. ಅವನು ತೀರಿಕೊಂಡಿದ್ದು 526ರಲ್ಲಿ. 540ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಸೈನ್ಯ ಊರನ್ನ ಹಿಡಿಯಿತು. ಮುಂದೆ ಬಿಷಪ್ ಆಗ್ನೆಲ್ಲುಸ್ ಕಾಲದಲ್ಲಿ ಚರ್ಚನ್ನು ಸಂತ ಮಾರ್ಟಿನ್ ಹೆಸರಿಗೆ ಮಾಡಿದರು. ಗೋಡೆಯ ಮೇಲಿನ ಕ್ರಿಸ್ತನ ಕಥೆಗಳನ್ನು ಮುಟ್ಟಲಿಲ್ಲ. ಆದರೆ ಕೆಳಗೆ ಅರಮನೆಯಲ್ಲಿ ನಿಂತಿದ್ದವರನ್ನು ತೆಗೆದು ಪರದೆ ಹಾಕಿದರು. ಅಲ್ಲಿದ್ದವರು ದೊರೆಯ ಆಸ್ಥಾನದವರು ಅಂತ ವಿದ್ವಾಂಸರ ಊಹೆ.

ಇದೆಲ್ಲ ಹೇಗೆ ಗೊತ್ತಾಯ್ತು ಅಂತೀರಾ? ಮೊಸಾಯಿಕ್ ಚೂರುಗಳನ್ನು ಹಸೀ ಗಾರೆಯಲ್ಲಿ ಒತ್ತುತ್ತಾರೆ. ಒಂದು ಆಕೃತಿ ತೆಗೀಬೇಕಾದರೆ ಗಾರೆ ಸಮೇತ ಕೆತ್ತಿ ಹೊಸದು ಹಾಕಬೇಕು. ಹಳೇ ಸೀರೆಗೆ ತೇಪೆ ಹಾಕಿದ ಹಾಗೆ, ಹೊಲಿಗೆ ಕಾಣಿಸಿಯೇ ಕಾಣಿಸುತ್ತೆ. ಸಂಶೋಧಕರು ಆ ಹೊಲಿಗೆಯನ್ನೇ ಹುಡುಕಿ, ಚೂರುಗಳ ವ್ಯತ್ಯಾಸ ನೋಡಿ, ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಬಿಡಿಸಿದ್ದಾರೆ.

ಹಾಗಾದರೆ ಕೈಗಳನ್ನು ಯಾಕೆ ಬಿಟ್ಟರು? ಕಂಬವನ್ನೂ ಕೆತ್ತುವ ಉಸಾಬರಿ ಬೇಡ ಅಂತಲೋ, ಇಲ್ಲಾ ಯಾರನ್ನು ಅಳಿಸಿದ್ದೇವೆ ಅನ್ನೋದು ಜನಕ್ಕೆ ನೆನಪಿರಲಿ ಅಂತಲೋ? ಈ ಚರ್ಚೆ ಇನ್ನೂ ನಿಂತಿಲ್ಲವಂತೆ.

ಸ್ಟುಡಿಯೋದಲ್ಲಿ ಕೂತು ನಾನು ತಾತನ ಕತ್ತರಿಯ ಗೆರೆ ನೋಡಿದೆ. ಇಷ್ಟು ವರ್ಷ ಅದನ್ನ ಸಿಟ್ಟಿನಲ್ಲಿ ಅಡ್ಡಾದಿಡ್ಡಿ ಕತ್ತರಿಸಿದ್ದು ಅಂದುಕೊಂಡಿದ್ದೆ. ಅಲ್ಲ. ನೇರವಾಗಿ ಬಂದ ಗೆರೆ ಅಮ್ಮನ ಹೆಗಲ ಹತ್ತಿರ ಸುತ್ತಿಕೊಂಡು ಹೋಗಿದೆ. ಆ ಕೈ ತೆಗೀಬೇಕು ಅಂದಿದ್ದರೆ ಅಮ್ಮನ ಹೆಗಲೂ ಹೋಗಬೇಕಿತ್ತು. ಒಬ್ಬ ಮಗಳನ್ನು ತೆಗೆದವರಿಗೆ ಇನ್ನೊಬ್ಬಳ ಹೆಗಲಿಗೆ ಕತ್ತರಿ ಹಾಕೋಕೆ ಆಗಲಿಲ್ಲ. ಅಷ್ಟಕ್ಕೇ ಅವರು ಮಾಡಿದ್ದು ಸರಿ ಅಂತ ಆಗೋದಿಲ್ಲ. ಆದರೆ ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನ ನಾನು ಯಾಕೆ ಪೂರ್ತಿ ಮಾಡಲಿ?

"ಬೇಡಪ್ಪ, ಬೆರಳು ಇರಲಿ" ಅಂದೆ.

ಚಿಕ್ಕಮ್ಮ ಈಗಿಲ್ಲ. ಅವಳ ಮಗಳು ಹುಬ್ಬಳ್ಳಿಯಲ್ಲಿದ್ದಾಳೆ. ಮದುವೆ, ಮುಂಜಿಗೂ ನಾವು ಒಬ್ಬರನ್ನೊಬ್ಬರು ಕರೆದವರಲ್ಲ. ಅವತ್ತು ರಾತ್ರಿ ಧೈರ್ಯ ಮಾಡಿ ಫೋನ್ ಮಾಡಿದೆ. ಫೋಟೋ ವಿಷಯ ಹೇಳಿದೆ.

"ಅಕ್ಕಾ, ನಿಮ್ಮನೇಲಿ ಅಮ್ಮನ ಫೋಟೋ ಇದೆಯಾ?" ಅಂತ ಕೇಳಿದಳು.

"ಫೋಟೋ ಇಲ್ಲ ಕಣೇ, ಕೈ ಇದೆ" ಅಂದೆ.

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನೋಡೋಕೆ ಬರ್ತೀನಿ" ಅಂದಳು.