ಸುದ್ದಿಯ ಸ್ವಾತಂತ್ರ್ಯ ಮತ್ತು ವರ್ತಕರ ಹೊಣೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಮರುವರ್ಷವೇ ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ನಮ್ಮ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಪತ್ರಿಕೆಗೂ ಈ ಊರಿಗೂ ಇರುವ ನಂಟು ಅಷ್ಟು ಹಳೆಯದು.

ಪತ್ರಿಕಾ ಸ್ವಾತಂತ್ರ್ಯವು ರಾಜಕಾರಣಿಗಳಿಗೂ ಪತ್ರಕರ್ತರಿಗೂ ಸಂಬಂಧಿಸಿದ ವಿಷಯ, ವ್ಯಾಪಾರಿಗೆ ಅದರಿಂದೇನು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಇದು ಸರಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಕಾಲುವೆಗೆ ನೀರು ದೊರೆಯುವುದೋ ಇಲ್ಲವೋ ಎಂಬ ಒಂದೇ ಸುದ್ದಿಯ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಗಳ ಮತ್ತು ಕುರುಗೋಡಿನ ಕಾಳುಕಡಿ ವರ್ತಕರ ಲೆಕ್ಕಾಚಾರವೆಲ್ಲ ನಿಂತಿತ್ತು. ಅಂತಹ ಹೊತ್ತಿನಲ್ಲಿ ವದಂತಿ ನಂಬಿದವನಿಗೆ ನಷ್ಟ; ಪರಿಶೀಲಿತ ವರದಿಯೇ ಆಧಾರ.

ಇದಕ್ಕಿಂತ ಕಹಿಯಾದ ಪಾಠವನ್ನು ಕಬ್ಬಿಣದ ಅದಿರು ಕಲಿಸಿದೆ. ಅಕ್ರಮ ಗಣಿಗಾರಿಕೆಯ ವರದಿಗಳು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬಂದವು. 2008ರ ಡಿಸೆಂಬರಿನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಮೊದಲ ವರದಿಯೂ ಸಲ್ಲಿಕೆಯಾಯಿತು. ಆದರೂ ಊರಿನ ವ್ಯಾಪಾರ ಭರದಿಂದ ನಡೆಯುತ್ತಿದ್ದುದರಿಂದ ನಮ್ಮಲ್ಲಿ ಬಹುಮಂದಿ ಕಿವಿಗೊಡಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ಸಕ್ರಮ ಗಣಿಗಳೂ ನಿಂತವು. ಲಾರಿ ಮಾಲೀಕರು, ಬಿಡಿಭಾಗದ ಅಂಗಡಿಯವರು, ಸ್ಪಾಂಜ್ ಕಬ್ಬಿಣದ ಘಟಕಗಳು ಎಲ್ಲರೂ ತೊಂದರೆಗೊಳಗಾದರು. ತಪ್ಪೆಸಗಿದವರು ಕೆಲವರು, ದಂಡ ತೆತ್ತವರು ಅನೇಕರು. ಸತ್ಯವನ್ನು ತಡವಾಗಿ ಕೇಳಿದಷ್ಟೂ ಅದರ ಬೆಲೆ ಬಡ್ಡಿಸಹಿತ ಏರುತ್ತದೆ.

ಸಂವಿಧಾನದಲ್ಲಿ ಪತ್ರಿಕೆಗೆಂದೇ ಪ್ರತ್ಯೇಕ ವಿಧಿಯಿಲ್ಲ. 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿಯೇ ಅದು ಅಡಕವಾಗಿದೆ. ಪುಟಸಂಖ್ಯೆ, ಬೆಲೆ ಹಾಗೂ ಜಾಹೀರಾತಿನ ಮೇಲಿನ ಸರ್ಕಾರಿ ಹಿಡಿತವು ಈ ಸ್ವಾತಂತ್ರ್ಯಕ್ಕೇ ಧಕ್ಕೆಯೆಂದು ಸುಪ್ರೀಂ ಕೋರ್ಟ್ 1961ರಲ್ಲಿ ‘ಸಕಾಳ’ ಪತ್ರಿಕೆಯ ಪ್ರಕರಣದಲ್ಲಿ ತೀರ್ಪಿತ್ತಿತು. ಓದುಗ ಕೊಡುವ ಹಣದಿಂದಷ್ಟೇ ಪತ್ರಿಕೆ ನಡೆಯದು. ಜಾಹೀರಾತೇ ಅದರ ಜೀವನಾಧಾರ. ಆದ್ದರಿಂದ ಆ ಹಿಡಿತ ಸರ್ಕಾರದ ಕೈಯಲ್ಲಿ ಮಾತ್ರವಲ್ಲ, ನಮ್ಮ ಕೈಯಲ್ಲಿಯೂ ಇದೆ. ‘ಜಾಹೀರಾತು ಕೊಡುತ್ತೇವೆ, ಈ ಸುದ್ದಿ ಬೇಡ’ ಎನ್ನುವ ವರ್ತಕನೂ ಅದೇ ತಪ್ಪನ್ನು ಮಾಡುತ್ತಾನೆ.

ಮಾಧ್ಯಮಗಳೂ ದೋಷಮುಕ್ತವಲ್ಲ. ಕಾಸಿಗಾಗಿ ಸುದ್ದಿ ಪ್ರಕಟಿಸುವ ಪಿಡುಗಿನ ಕುರಿತು ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ನೀಡಿತು. ಆದರೆ ಮಂಡಳಿಯು ಛೀಮಾರಿ ಹಾಕಬಲ್ಲದೇ ಹೊರತು ದಂಡ ವಿಧಿಸಲಾರದು, ಟಿ.ವಿ. ವಾಹಿನಿಗಳಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ. ಒಂದು ಸುಳ್ಳು ಸುದ್ದಿಯಿಂದ ಸಣ್ಣ ಉದ್ದಿಮೆದಾರನ ಬ್ಯಾಂಕ್ ಸಾಲವೇ ನಿಂತುಹೋಗಬಹುದು. ಅಂತಹವನಿಗೆ ಪರಿಹಾರ ದೊರೆಯಬೇಕಾದದ್ದು ತಿದ್ದುಪಡಿ, ಸ್ಪಷ್ಟನೆ ಮತ್ತು ನ್ಯಾಯಾಲಯದ ಮೂಲಕವೇ ವಿನಾ ಬೆದರಿಕೆಯಿಂದಲ್ಲ.

ವರ್ತಕ ಬಾಂಧವರು ಜಾಹೀರಾತನ್ನು ಪ್ರಸಾರಸಂಖ್ಯೆ ನೋಡಿ ಕೊಡಲಿ, ಮೌನಕ್ಕೆ ಪ್ರತಿಫಲವಾಗಿ ಕೊಡದಿರಲಿ. ತಪ್ಪು ವರದಿಗೆ ದಾಖಲೆಸಹಿತ ಲಿಖಿತ ಉತ್ತರ ಕಳುಹಿಸಲಿ. ತಕ್ಕಡಿ ಸರಿಯಿರಬೇಕೆಂದು ಬಯಸುವವರು ಸುದ್ದಿಯ ತೂಕವೂ ಸರಿಯಿರಬೇಕೆಂದು ಬಯಸುವುದು ನ್ಯಾಯ.